ಹೆಬ್ಬೆರಳಿನ ಉರಿ ಮತ್ತು ನನ್ನ ಊಟದ ಪುಸ್ತಕ

ಕಾಫಿ ಕೊಯ್ಲಿನ ದಿನಗಳಲ್ಲಿ ಒಂದು ನಡುರಾತ್ರಿ ಬಲಗಾಲಿನ ಹೆಬ್ಬೆರಳ ಬುಡ ಉರಿಯತೊಡಗಿ ಎಚ್ಚರವಾಯಿತು. ಬೆಳಗಾಗುವಷ್ಟರಲ್ಲಿ ಕೀಲು ಕೆಂಪಗೆ ಊದಿಕೊಂಡು, ಹೊದಿಕೆಯ ಅಂಚು ತಾಗಿದರೂ ತಡೆಯಲಾಗುತ್ತಿರಲಿಲ್ಲ. ಅದಕ್ಕೂ ಹಿಂದಿನ ಮೂರು ವರ್ಷ ಮಂಡಿ, ಹಿಮ್ಮಡಿಗಳಲ್ಲಿ ಬಂದುಹೋಗುತ್ತಿದ್ದ ನೋವನ್ನು ಕೊಡಗಿನ ಮಳೆಯ ಥಂಡಿಗೂ ತೋಟದ ಏರು ದಾರಿಗೂ ಹೊರಿಸಿ ಸುಮ್ಮನಿದ್ದೆ. ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಡೆಸಿಲೀಟರಿಗೆ 9.1 ಮಿಲಿಗ್ರಾಂ ಇತ್ತು. ಇದು ಗೌಟ್ ಎಂಬ ಕೀಲುರೋಗ ಎಂದ ವಿರಾಜಪೇಟೆಯ ವೈದ್ಯರು, ಆ ಪ್ರಮಾಣ ಸುಮಾರು 6.8 ದಾಟಿದರೆ ಯೂರಿಕ್ ಆಮ್ಲದ ಲವಣವಾದ ಯೂರೇಟ್ ರಕ್ತದಲ್ಲಿ ಕರಗಿ ನಿಲ್ಲದೆ ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರಬಹುದೆಂದು ವಿವರಿಸಿದರು.

ಬಂಧುಗಳು ಬೇಳೆ, ಟೊಮೆಟೊ, ಸೊಪ್ಪು, ಕೊನೆಗೆ ಹುಳಿಯೆಂಬ ಕಾರಣಕ್ಕೆ ಕೊಡಗಿನ ಕಪ್ಪು ಹಣ್ಣಿನಹುಳಿಯಾದ ಕಾಚಂಪುಳಿಯನ್ನೂ ಬಿಡಿಸಿದರು. ಎರಡು ತಿಂಗಳು ಬಿಟ್ಟರೂ ಏನೂ ಬದಲಾಗಲಿಲ್ಲ. ಆಮೇಲೆ ತೋಟದ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ದಿನದ ಊಟ, ಕುಡಿದ ನೀರು, ಮದ್ಯ, ಮತ್ತು ಸೊನ್ನೆಯಿಂದ ಹತ್ತರವರೆಗೆ ನೋವಿನ ಅಂಕ ಬರೆಯತೊಡಗಿದೆ. ಎಂಟು ತಿಂಗಳಲ್ಲಿ ನಾಲ್ಕು ಬಾರಿ ನೋವು ಕೆರಳಿತ್ತು. ಅದರಲ್ಲಿ ಮೂರು ಬಾರಿ ಅದು ಮದುವೆ ಅಥವಾ ಕೈಲ್‌ಪೊಳ್ದ್ ಹಬ್ಬದ ಮರುದಿನವೇ ಆಗಿತ್ತು. ಈಲಿಯೂ (ಯಕೃತ್ತು) ಸೇರಿದ ಪಂದಿ ಕರಿ ಎಂಬ ಹಂದಿಮಾಂಸದ ಸಾರು, ಸತತ ಎರಡು ರಾತ್ರಿ ಮದ್ಯ, ತೀರಾ ಕಡಿಮೆ ನೀರು ಆ ಪುಟಗಳಲ್ಲೆಲ್ಲ ಇದ್ದವು. ಬೇಳೆ, ಸೊಪ್ಪು ತಿಂದ ದಿನಗಳಲ್ಲಿ ಅಂಥದ್ದೇನೂ ಇರಲಿಲ್ಲ. ತರಕಾರಿಯ ಪ್ಯೂರೀನ್ (ದೇಹದಲ್ಲಿ ಯೂರಿಕ್ ಆಮ್ಲವಾಗುವ ಅಂಶ) ಮಾಂಸದ ಪ್ಯೂರೀನಿನಷ್ಟು ಕಾಡುವುದಿಲ್ಲವೆಂದು ವೈದ್ಯರೂ ಹೇಳಿದರು. ನಾಲ್ಕನೆಯ ಬಾರಿಯ ತಪ್ಪು ಬೇರೆ: ತೂಕ ಇಳಿಸುವ ಆತುರದಲ್ಲಿ ಮೂರು ದಿನ ಉಪವಾಸವಿದ್ದೆ. ಉಪವಾಸದಲ್ಲಿ ಕೊಬ್ಬು ಕರಗಿದಾಗ ಹೆಚ್ಚುವ ಕೀಟೋನುಗಳು ಮೂತ್ರಪಿಂಡ ಯೂರಿಕ್ ಆಮ್ಲ ಹೊರಹಾಕುವುದನ್ನು ತಡೆಯುತ್ತವೆಂಬುದು ಆಗ ನನಗೆ ತಿಳಿದಿರಲಿಲ್ಲ.

ಪಂದಿ ಕರಿಯನ್ನು ಪೂರ್ತಿ ಬಿಡಲು ನನ್ನಿಂದಾಗಲಿಲ್ಲ. ಹುರಿದ ಮಸಾಲೆಯಲ್ಲಿ ಮಾಂಸ ಕಪ್ಪಾಗುತ್ತ ಬಂದಾಗ ಅಮ್ಮ ಕಡೆಯ ಚಮಚ ಕಾಚಂಪುಳಿ ಬೆರೆಸುವ ಆ ಗಳಿಗೆಯ ಪರಿಮಳ ನನ್ನ ಮನೆಯ ಗುರುತು. ಈಗ ಈಲಿಯಿಲ್ಲದೆ ನಾಲ್ಕೇ ತುಂಡು ಹಾಕಿಸಿಕೊಂಡು ಅಕ್ಕಿಯುಂಡೆಯಾದ ಕಡಂಬುಟ್ಟು, ಸೊಪ್ಪಿನ ಪಲ್ಯದಿಂದ ಹೊಟ್ಟೆ ತುಂಬಿಸಿಕೊಳ್ಳುತ್ತೇನೆ. ಮದ್ಯವನ್ನೂ ಸಿಹಿ ಪಾನೀಯಗಳನ್ನೂ ಬಿಟ್ಟೆ, ಕಾಫಿಯನ್ನು ಬಿಡಲಿಲ್ಲ.

ಆರು ತಿಂಗಳ ಶಿಸ್ತಿನ ನಂತರವೂ ಯೂರಿಕ್ ಆಮ್ಲ 8.2ರಲ್ಲೇ ನಿಂತಿತು. ಯೂರಿಕ್ ಆಮ್ಲದ ಬಹುಪಾಲನ್ನು ದೇಹವೇ ತಯಾರಿಸುವುದರಿಂದ ಊಟವೊಂದೇ ಸಾಲದೆಂದು ಒಪ್ಪಿಕೊಂಡು, ವೈದ್ಯರು ಬರೆದ, ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ ಆರಂಭಿಸಿದೆ. ಹಳೆಯ ಹರಳು ಕರಗುವಾಗ ಮೊದಲ ತಿಂಗಳುಗಳಲ್ಲಿ ನೋವು ಮರುಕಳಿಸಬಹುದೆಂದು ಅವರು ಮೊದಲೇ ಎಚ್ಚರಿಸಿದ್ದರಿಂದ, ಹಾಗಾದಾಗ ಹೆದರಿ ಮಾತ್ರೆ ನಿಲ್ಲಿಸಲಿಲ್ಲ. ಈಗ ಯೂರಿಕ್ ಆಮ್ಲ 5.6ಕ್ಕೆ ಇಳಿದಿದೆ, ಹೆಬ್ಬೆರಳು, ಹಿಮ್ಮಡಿ ಶಾಂತವಾಗಿವೆ. ಏರು ಹತ್ತುವಾಗಿನ ಎಡಮಂಡಿಯ ನೋವು ಮಾತ್ರ ಉಳಿದಿದೆ. ಅದು ಸವೆತದ್ದೆಂದು ಎಕ್ಸ್‌ರೇ ತೋರಿಸಿದೆ, ಅದಕ್ಕಾಗಿ ಈಗ ನಿಧಾನವಾಗಿ ತೂಕ ಇಳಿಸುತ್ತಿದ್ದೇನೆ.