ಹಳೆ ಗಣಿ ಪಕ್ಕದ ಮಣ್ಣನ್ನು ಪರೀಕ್ಷೆಗೆ ತೆಗೆಯುವುದು ಹೇಗೆ

ಗಣಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಇನ್ನೇನು ಭಯ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಗಣಿ ಮಣ್ಣಿನಲ್ಲಿರಬಹುದಾದ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂನಂಥ ವಿಷದ ಲೋಹಗಳು ಎಲೆ ಕಸದ ಹಾಗೆ ಕೊಳೆತು ಹೋಗುವುದಿಲ್ಲ. ಅದಿರು ಅರೆದು ಸುರಿದ ಪುಡಿಯ ದಿಬ್ಬದಿಂದ ಗಾಳಿಗೆ ಧೂಳು ಏಳುತ್ತದೆ, ಮಳೆಗೆ ರಾಡಿ ಇಳಿಯುತ್ತದೆ. ತರಕಾರಿ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಲೇಬೇಕು.

ಮೊದಲ ಸಲ ನಾನು ತೋಟದ ನಾಲ್ಕೂ ಮೂಲೆಯ ಮಣ್ಣನ್ನು ಒಟ್ಟಿಗೆ ಕಲಸಿ ಕಳಿಸಿದೆ. ವರದಿ ಚೆನ್ನಾಗಿಯೇ ಬಂತು. ಮತ್ತೊಂದು ಸಲ ದಿಬ್ಬದ ನೀರು ಬಂದು ನಿಲ್ಲುವ ತಗ್ಗಿನ ಮಣ್ಣನ್ನು ಬೇರೆಯಾಗಿ ಕೊಟ್ಟೆ. ಅಲ್ಲಿ ಸೀಸ ತುಂಬಾ ಜಾಸ್ತಿ ಇತ್ತು. ನಮ್ಮ ಮಕ್ಕಳು ಆಡುತ್ತಿದ್ದದ್ದು ಅಲ್ಲೇ.

ಅದಕ್ಕೇ ಮಳೆ ಬರುವಾಗ ಒಮ್ಮೆ ನೀರಿನ ದಾರಿ ನೋಡಿ. ತಗ್ಗು, ಧೂಳು ಬೀಳುವ ಬದಿ, ಮಕ್ಕಳು ಆಡುವ ಜಾಗ, ಇವು ಒಂದೊಂದರ ಮಣ್ಣೂ ಬೇರೆ ಬೇರೆ ಮಾದರಿ. ಹೋಲಿಸಲು ದಿಬ್ಬಕ್ಕಿಂತ ಎತ್ತರದ, ಗಣಿ ಪುಡಿ ಮುಟ್ಟದ ಕಡೆಯಿಂದಲೂ ಒಂದು ಮಾದರಿ ಇರಲಿ. ಪ್ರತಿ ಜಾಗದಲ್ಲೂ ಹತ್ತು ಹದಿನೈದು ಕಡೆ ಅಗೆದು ಮಣ್ಣು ತೆಗೆಯಿರಿ. ತರಕಾರಿ ಪಾತಿಯಲ್ಲಿ 15 ಸೆಂ.ಮೀ. ಆಳದವರೆಗೆ, ಮಕ್ಕಳ ಜಾಗದಲ್ಲಿ ಮೇಲಿನ 2–3 ಸೆಂ.ಮೀ. ಮಾತ್ರ. ಕೈಗೆ, ಬಾಯಿಗೆ ಹೋಗುವುದು ಆ ಮೇಲ್ಪದರವೇ ಅಲ್ವಾ? ಒಂದು ಜಾಗದ್ದನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಕಲ್ಲು ಬೇರು ತೆಗೆದು, ಅರ್ಧ ಕೆಜಿಯಷ್ಟು ಚೀಲಕ್ಕೆ ಹಾಕಿ. ಜಾಗ, ಆಳ, ದಿನಾಂಕ ಬರೆಯಿರಿ. ಅಗೆಯಲು ಸ್ಟೀಲಿನ ಕರಣೆ ಸಾಕು. ಸತು ಲೇಪ ಇರುವುದು ಬೇಡ, ಲೆಕ್ಕ ಕೆಡುತ್ತದೆ. ಜಾಗ ಬದಲಿಸುವಾಗ ಕರಣೆ, ಬಕೆಟ್ ಎರಡನ್ನೂ ತೊಳೆಯಿರಿ.

ಸುಮ್ನೆ ‘ಮಣ್ಣು ಪರೀಕ್ಷೆ’ ಅಂದರೆ ಪ್ರಯೋಗಾಲಯದವರು ಸಾರಜನಕ, ರಂಜಕ, ಪೊಟ್ಯಾಷ್ ನೋಡಿ ಕಳಿಸುತ್ತಾರೆ. ಬೇಕಾದ ಲೋಹಗಳ ಹೆಸರು ಬರೆದು ಕೊಡಿ, ಪಿಎಚ್ (ಮಣ್ಣು ಎಷ್ಟು ಹುಳಿ ಅನ್ನುವ ಅಳತೆ) ಕೂಡ ಕೇಳಿ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಗಿಡಕ್ಕೆ ಸಲೀಸಾಗಿ ಏರುತ್ತದೆ. ಹಾಗಂತ ವರದಿ ನೋಡದೆ ಸುಣ್ಣ ಸುರಿಯಬೇಡಿ. ಸುಣ್ಣ ಕ್ಯಾಡ್ಮಿಯಂ ಅನ್ನು ಹಿಡಿದಿಟ್ಟರೂ ಆರ್ಸೆನಿಕ್ ಇದ್ದರೆ ಅದು ಬಿಡಿಸಿಕೊಂಡು ನೀರಿಗೆ ಬರಬಹುದು. ರಂಜಕದ ಗೊಬ್ಬರವೂ ಹಾಗೇ, ಸೀಸವನ್ನು ಕಟ್ಟಿಹಾಕುತ್ತದೆ, ಆರ್ಸೆನಿಕ್ಕನ್ನು ಸಡಿಲ ಮಾಡುತ್ತದೆ.

ವರದಿ ಬರುವವರೆಗೆ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೆಯಬೇಡಿ. ಬರಿ ನೆಲದ ಮೇಲೆ ಬೇರೆ ಕಡೆಯಿಂದ ತಂದ ಹುಲ್ಲು ದಪ್ಪಗೆ ಹಾಸಿ. ಚಪ್ಪಲಿ ಹೊರಗೇ ಬಿಡಿ. ಮನೆಯೊಳಗೆ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ.