ಇನ್ನೂರು ಯೂನಿಟ್‌ನೊಳಗೆ ಜೆಂಟೂ: ಬೇಡದ ರೀಬಿಲ್ಡ್ ನಿಲ್ಲಿಸಿದ ಬಗೆ

ಪ್ರತಿ ಪ್ರೋಗ್ರಾಮನ್ನೂ ಮೂಲ ಕೋಡಿನಿಂದ ನಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳುವ, ಅಂದರೆ ಕಂಪೈಲ್ ಮಾಡುವ, ಲಿನಕ್ಸ್ ಜೆಂಟೂ. ಅದನ್ನು ಇಟ್ಟುಕೊಂಡು ಗೃಹಜ್ಯೋತಿಯ ಮಿತಿಯೊಳಗೆ ಇರಲು ಸಾಧ್ಯವೇ ಇಲ್ಲ ಎಂದವರು ಒಬ್ಬಿಬ್ಬರಲ್ಲ. ‘ಉಬುಂಟು ಹಾಕಿ ಮಾರಾಯ್ರೆ, ಯಾಕೆ ಸುಮ್ಮನೆ ಮಂಡೆಬಿಸಿ’ ಎಂಬ ಸಲಹೆ ಪುಕ್ಕಟೆಯಾಗಿ ಬೇಕಾದಷ್ಟು ಸಿಕ್ಕಿತು. ಮಂಗಳೂರಿನ ಮನೆಯ ಮೂರು ಯಂತ್ರ, ಉಡುಪಿಯ ಡಿಟಿಪಿ ಅಂಗಡಿಯ ಎರಡು ಯಂತ್ರ ಈಗಲೂ ಜೆಂಟೂವಿನಲ್ಲೇ ಇವೆ. ಐದೂ ಸೇರಿ ತಿಂಗಳಿಗೆ ನೂರಿಪ್ಪತ್ತು, ನೂರೈವತ್ತು ಗಂಟೆ ಕಂಪೈಲ್ ಮಾಡುತ್ತಿದ್ದವು. ಈಗ ಹದಿನೈದಿಪ್ಪತ್ತು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಒಂದು ಪ್ಯಾಕೇಜನ್ನೂ ಬಿಟ್ಟಿಲ್ಲ.

ಗಂಟೆಯ ಲೆಕ್ಕದಲ್ಲಿ ಕರೆಂಟ್ ದೊಡ್ಡ ಖರ್ಚಲ್ಲ. ಎಂಟು ಕೋರಿನ ಡೆಸ್ಕ್‌ಟಾಪ್ ಪೂರ್ತಿ ಲೋಡಿನಲ್ಲಿ 140-150 ವ್ಯಾಟ್ ಎಳೆಯುತ್ತದೆ. ಏಳು ಗಂಟೆಗೆ ಒಂದು ಯೂನಿಟ್, ಹೆಚ್ಚುಕಡಿಮೆ ಆರು ರೂಪಾಯಿ. ತೊಂದರೆ ಇರುವುದು ಮಿತಿಯಲ್ಲಿ. 2022-23ರ ಸರಾಸರಿಗೆ ಶೇಕಡಾ 10 ಸೇರಿಸಿದಷ್ಟು ಪುಕ್ಕಟೆ, ಅದರ ಮೇಲಿನದಕ್ಕೆ ಮಾತ್ರ ದುಡ್ಡು. ಆದರೆ 200 ಯೂನಿಟ್ ದಾಟಿತೆಂದರೆ ಇಡೀ ಬಿಲ್ ಕಟ್ಟಬೇಕು. ಏಪ್ರಿಲ್-ಮೇ ಸೆಖೆಯಲ್ಲಿ ಫ್ಯಾನು, ಫ್ರಿಜ್ಜು ಸೇರಿ 190ರ ಹತ್ತಿರ ನಿಲ್ಲುವ ಮನೆಗೆ ಕಂಪೈಲಿನ ಹತ್ತು-ಹದಿನೈದು ಯೂನಿಟ್ ಎಂದರೆ ಸಾವಿರದ ಇನ್ನೂರರ ಮೇಲಿನ ಬಿಲ್. ಅಂಗಡಿಗೆ ಆ ಸೌಲಭ್ಯವೇ ಇಲ್ಲ, ಜತೆಗೆ ರಾತ್ರಿ ಮೇನ್ ಸ್ವಿಚ್ ಆಫ್. ಹಗಲು ಕಂಪೈಲ್ ಹಾಕಿದರೆ ಮದುವೆ ಕಾಗದದ ಕೆಲಸ ನಡೆಯುತ್ತಿರುವಾಗ ಪುಟವಿನ್ಯಾಸದ ಸ್ಕ್ರೈಬಸ್ ತೆವಳುತ್ತದೆ.

ಹೆಚ್ಚಿನವರು ಮೊದಲು ಸಿ-ಕ್ಯಾಶ್ (ಹಿಂದೆ ಕಂಪೈಲ್ ಮಾಡಿದ್ದನ್ನು ಉಳಿಸಿ ಮರುಬಳಸುವ ಸಲಕರಣೆ) ಹಾಕುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಮದ್ದು. ರೀಬಿಲ್ಡ್, ಅಂದರೆ ಇದ್ದ ಪ್ಯಾಕೇಜನ್ನೇ ಮತ್ತೆ ಕಟ್ಟುವುದು, ಯಾಕೆ ಬಂತು ಎಂದು ಓದುವುದು ಮೊದಲ ಕೆಲಸ. ಜೆಂಟೂವಿನ ಪ್ಯಾಕೇಜ್ ವ್ಯವಸ್ಥೆ ಪೋರ್ಟೇಜ್, ಅದರ ಕಮಾಂಡ್ ಎಮರ್ಜ್. ಎಮರ್ಜ್‌ಗೆ ಪ್ರಿಟೆಂಡ್, ವರ್ಬೋಸ್ ಕೊಟ್ಟರೆ ಏನೂ ಕಟ್ಟದೆ ಪಟ್ಟಿ ಮಾತ್ರ ತೋರಿಸುತ್ತದೆ. ಅದರಲ್ಲಿ ಯೂಸ್ ಫ್ಲಾಗಿನ (ಪ್ಯಾಕೇಜಿನ ಒಂದೊಂದು ಸೌಲಭ್ಯವನ್ನು ಆನ್-ಆಫ್ ಮಾಡುವ ಗುರುತು) ಕೊನೆಗೆ ನಕ್ಷತ್ರ ಇದ್ದರೆ ಅದರ ಸ್ಥಿತಿ ನಿಜವಾಗಿ ಬದಲಾಗಿದೆ. ಶೇಕಡಾ ಚಿಹ್ನೆ ಇದ್ದರೆ ಇಬಿಲ್ಡ್‌ನಲ್ಲಿ (ಪ್ಯಾಕೇಜ್ ಕಟ್ಟುವ ವಿಧಾನ ಬರೆದ ಫೈಲು) ಆ ಫ್ಲಾಗ್ ಹೊಸದಾಗಿ ಸೇರಿದೆ ಅಥವಾ ಹೋಗಿದೆ, ಅಷ್ಟೆ. ಸಣ್ಣ ಆರ್ ಪಕ್ಕ ದೊಡ್ಡ ಆರ್ ಇದ್ದರೆ ಬೇರೊಂದು ಲೈಬ್ರರಿಯ ಸಬ್‌ಸ್ಲಾಟ್ (ಹೊಂದಾಣಿಕೆ ತಿಳಿಸುವ ಆವೃತ್ತಿ ಗುರುತು) ಬದಲಾಗಿ ಇದನ್ನು ಎಳೆದಿದೆ. ಈ ಮೂರಕ್ಕೂ ಬೇರೆ ಬೇರೆ ಮದ್ದು.

ಶೇಕಡಾ ಚಿಹ್ನೆಯದ್ದು ಶುದ್ಧ ದಂಡ. ಹಳೆಯ ಗೈಡ್ ನೋಡಿ ಎಲ್ಲರೂ ದೊಡ್ಡ ಎನ್, ಅಂದರೆ ನ್ಯೂಯೂಸ್, ಹಾಕುವುದು ರೂಢಿ. ಪೈಥಾನ್ ಹೊಸ ಆವೃತ್ತಿಗೆ ಬೆಂಬಲ ಸೇರಿಸಲು ಮರದಲ್ಲಿ, ಅಂದರೆ ಜೆಂಟೂವಿನ ಇಬಿಲ್ಡ್ ಭಂಡಾರದಲ್ಲಿ, ನೂರಾರು ಇಬಿಲ್ಡ್‌ಗಳಿಗೆ ಒಂದೊಂದು ಫ್ಲಾಗ್ ಸೇರಿಸುತ್ತಾರೆ. ನಮ್ಮಲ್ಲಿ ಅದು ಆಫ್ ಇದ್ದರೂ ನ್ಯೂಯೂಸ್ ಅಷ್ಟನ್ನೂ ರೀಬಿಲ್ಡ್ ಪಟ್ಟಿಗೆ ಹಾಕುತ್ತದೆ. ಕಟ್ಟಿ ಮುಗಿದ ಮೇಲೆ ಡಿಸ್ಕಿಗೆ ಬರುವುದು ಮೊದಲು ಇದ್ದ ಫೈಲೇ. ದೊಡ್ಡ ಯು, ಅಂದರೆ ಚೇಂಜ್ಡ್-ಯೂಸ್, ಹಾಕಿದರೆ ಆನ್-ಆಫ್ ನಿಜವಾಗಿ ಬದಲಾದವು ಮಾತ್ರ ಬರುತ್ತವೆ. ಪೋರ್ಟೇಜಿನ ಸೆಟ್ಟಿಂಗ್ ಫೈಲಾದ ಮೇಕ್-ಕಾನ್ಫ್‌ನ ಡಿಫಾಲ್ಟ್ ಆಪ್ಷನ್ ಸಾಲಿನಲ್ಲಿ ಎನ್ ತೆಗೆದು ಯು ಹಾಕಿದ್ದರಿಂದಲೇ ಒಟ್ಟು ಗಂಟೆಗಳಲ್ಲಿ ಕಾಲುಭಾಗ ಉಳಿದಿರಬೇಕು. 2024ರಲ್ಲಿ ಡಿಫಾಲ್ಟ್ ಪೈಥಾನ್ 3.11ರಿಂದ 3.12ಕ್ಕೆ ಹೋದಂಥ ಸಂದರ್ಭದಲ್ಲಿ ಯು ಕೂಡ ಎಲ್ಲವನ್ನೂ ಎಳೆಯುತ್ತದೆ. ಅದು ನ್ಯಾಯವಾದ ಖರ್ಚು, ಅದನ್ನು ತಪ್ಪಿಸಲು ಹೋಗಬೇಡಿ.

ನಿಜವಾದ ದುಡ್ಡು ಇರುವುದು ಸಬ್‌ಸ್ಲಾಟ್‌ನಲ್ಲಿ. ಅಂಗಡಿಯ ಉದಾಹರಣೆಯೇ ಸಾಕು. ಪಿಡಿಎಫ್ ಓದುವ ಲೈಬ್ರರಿ ಪಾಪ್ಲರ್ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬಿಡುಗಡೆಯಾಗುತ್ತದೆ, ಆವೃತ್ತಿ ಸಂಖ್ಯೆಯೇ ವರ್ಷ-ತಿಂಗಳು. ಟೆಸ್ಟಿಂಗ್ ಕೀವರ್ಡ್‌ನಲ್ಲಿದ್ದರೆ (ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿ ಬಳಸಿದರೆ) ಹೆಚ್ಚಿನ ಸಲ ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಎರಡೂ ಮೇಲೇಳುತ್ತವೆ. ಹಳೆಯ ನಾಲ್ಕು ಕೋರಿನ ಯಂತ್ರದಲ್ಲಿ ಲಿಬ್ರೆಆಫೀಸ್ ಒಂದಕ್ಕೇ ನಾಲ್ಕು ಗಂಟೆ ಹೋಗುತ್ತಿತ್ತು. ಲಿಬ್ರೆಆಫೀಸಿಗೆ ಪಾಪ್ಲರ್ ಬೇಕಾಗುವುದು ಪಿಡಿಎಫ್-ಇಂಪೋರ್ಟ್ ಫ್ಲಾಗ್ ಇದ್ದಾಗ ಮಾತ್ರ. ಅಂಗಡಿಯಲ್ಲಿ ಪಿಡಿಎಫ್ ತಿದ್ದುವುದು ಇಂಕ್‌ಸ್ಕೇಪಿನಲ್ಲಿ, ಹಾಗಾಗಿ ಆ ಫ್ಲಾಗ್ ಕಿತ್ತೆ. ಪಾಪ್ಲರ್ ಎಷ್ಟು ಸಲ ಬದಲಾದರೂ ಲಿಬ್ರೆಆಫೀಸ್ ಈಗ ಅಲುಗುವುದಿಲ್ಲ. ನಿಮ್ಮ ಪಟ್ಟಿಯಲ್ಲೂ ಇಂಥ ಮೂರು-ನಾಲ್ಕು ಫ್ಲಾಗ್ ಇರುತ್ತವೆ. ದೊಡ್ಡ ಪ್ಯಾಕೇಜಿನ ಇಬಿಲ್ಡ್ ತೆರೆದು, ಡಿಪೆಂಡೆನ್ಸಿಯ ಕೊನೆಗೆ ಕೋಲನ್, ಈಕ್ವಲ್ ಚಿಹ್ನೆ ಜೋಡಿಯಾಗಿ ಇರುವ ಸಾಲು ಹುಡುಕಿ, ಅದರ ಹಿಂದೆ ಯಾವ ಫ್ಲಾಗ್ ಇದೆ ನೋಡಿ.

ಐಸಿಯು, ಅಂದರೆ ಎಲ್ಲ ಭಾಷೆಗಳ ಯುನಿಕೋಡ್ ಪಠ್ಯ ಸಂಭಾಳಿಸುವ ಲೈಬ್ರರಿ, ಅಷ್ಟು ಸುಲಭವಲ್ಲ. ವರ್ಷಕ್ಕೆ ಎರಡು ದೊಡ್ಡ ಬಿಡುಗಡೆ, ವಸಂತದಲ್ಲೊಂದು, ಅಕ್ಟೋಬರಿನಲ್ಲೊಂದು. ಅದು ಬದಲಾದರೆ ಕಿಟಕಿ-ಬಟನ್ ಮೂಡಿಸುವ ಕ್ಯೂಟಿ, ವೆಬ್ ಪುಟ ತೋರಿಸುವ ವೆಬ್‌ಕಿಟ್, ಲಿಬ್ರೆಆಫೀಸ್, ಜತೆಗೆ ಸಿಸ್ಟಂ ಐಸಿಯು ಆರಿಸಿಕೊಂಡಿದ್ದರೆ ನೋಡ್ ಕೂಡ ಹೊರಡುತ್ತದೆ. ಕನ್ನಡ ಬೇಕಾದವರು ಐಸಿಯು ಫ್ಲಾಗ್ ತೆಗೆಯುವ ಮಾತೇ ಇಲ್ಲ. ನಮ್ಮ ಕರಾವಳಿಗೆ ಸಮಯವೂ ಕೆಟ್ಟದ್ದು: ಪತ್ತನಾಜೆಗೆ (ಮೇ ಕೊನೆಯ ತುಳು ಆಚರಣೆ) ಮೊದಲಿನ ಗುಡುಗು ಒಮ್ಮೆ, ದೀಪಾವಳಿ ಆಸುಪಾಸಿನ ಸಂಜೆ ಸಿಡಿಲು ಇನ್ನೊಮ್ಮೆ, ಪ್ಲಗ್ ಕಿತ್ತಿಡುವ ಕಾಲಕ್ಕೇ ಈ ಕಂತು ಬರುತ್ತದೆ. ಇದಕ್ಕೆ ನನ್ನ ಉಪಾಯ ಮಾಸ್ಕ್. ಹೊಸ ಐಸಿಯುವನ್ನು ಪ್ಯಾಕೇಜ್-ಮಾಸ್ಕ್‌ನಲ್ಲಿ ಹಾಕಿ ತಡೆಯುತ್ತೇನೆ. ವೆಬ್‌ಕಿಟ್ ಅಥವಾ ಲಿಬ್ರೆಆಫೀಸಿಗೆ ಅದರದೇ ಹೊಸ ಆವೃತ್ತಿ ಬಂದ ದಿನ ಮಾಸ್ಕ್ ತೆಗೆಯುತ್ತೇನೆ. ಹೇಗೂ ಕಟ್ಟಬೇಕಾದ್ದನ್ನು ಒಮ್ಮೆ ಕಟ್ಟಿದಾಗ ಎರಡೂ ಬದಲಾವಣೆ ಒಳಗೆ ಹೋಗುತ್ತವೆ. ಬೂಸ್ಟ್ ಎಂಬ ಇನ್ನೊಂದು ಲೈಬ್ರರಿಗೂ ಇದೇ ಕ್ರಮ. ಎರಡು-ಮೂರು ವಾರಕ್ಕಿಂತ ಹೆಚ್ಚು ತಡೆಯುವುದಿಲ್ಲ. ನಡುವೆ ಜೆಂಟೂವಿನ ಭದ್ರತಾ ಸೂಚನೆ ತಾಳೆ ನೋಡುವ ಜಿಎಲ್‌ಎಸ್‌ಎ-ಚೆಕ್ ಓಡಿಸಿ ಭದ್ರತೆಯ ವಿಷಯ ಬಂದಿದ್ದರೆ ಕೂಡಲೇ ಬಿಡುತ್ತೇನೆ.

ಕೆಲವರು ಸಬ್‌ಸ್ಲಾಟ್ ಬದಲಾದದ್ದನ್ನು ಲೆಕ್ಕಿಸಬೇಡ ಎನ್ನುವ ಇಗ್ನೋರ್-ಬಿಲ್ಟ್-ಸ್ಲಾಟ್-ಆಪರೇಟರ್-ಡೆಪ್ಸ್ ಹಾಕಿ ಪಾರಾಗಲು ನೋಡುತ್ತಾರೆ. ಅದು ಡೀಬಗ್ಗಿಗೆ ಇಟ್ಟಿರುವ ಆಪ್ಷನ್. ಪ್ರಿಸರ್ವ್-ಲಿಬ್ಸ್ ಹಳೆಯ ಲೈಬ್ರರಿಯನ್ನು ಸ್ವಲ್ಪ ಕಾಲ ಉಳಿಸುವುದರಿಂದ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಆಮೇಲೆ ಒಂದೇ ಪ್ರೋಗ್ರಾಮಿಗೆ ಒಂದು ದಾರಿಯಿಂದ ಹಳೆ ಐಸಿಯು, ಇನ್ನೊಂದು ದಾರಿಯಿಂದ ಹೊಸದು ಲೋಡ್ ಆಗಿ ಅರ್ಥವಾಗದ ಜಾಗದಲ್ಲಿ ಬೀಳುತ್ತದೆ. ಉಳಿದ ಗಂಟೆಗಳನ್ನು ಅಲ್ಲಿ ಬಡ್ಡಿ ಸಮೇತ ಕೊಡಬೇಕು.

ಇಷ್ಟಾದ ಮೇಲೂ ಕಟ್ಟಲೇಬೇಕಾದ್ದು ಉಳಿಯುತ್ತದೆ. ಅದನ್ನು ಐದು ಸಲ ಕಟ್ಟುವುದು ಬೇಡ. ಡೆಸ್ಕ್‌ಟಾಪ್ ಒಂದರಲ್ಲೇ ಬಿಲ್ಡ್‌ಪ್ಯಾಕೇಜ್ ಫೀಚರ್ ಆನ್ (ಕಟ್ಟಿದ್ದನ್ನು ಸಿದ್ಧ ಬೈನರಿಯಾಗಿ ಉಳಿಸುತ್ತದೆ), ಜತೆಗೆ ಒಂದೇ ಆವೃತ್ತಿಯ ಹಲವು ಬೈನರಿ ಇಡಲು ಬಿನ್‌ಪ್ಯಾಕೇಜ್-ಮಲ್ಟಿ-ಇನ್‌ಸ್ಟನ್ಸ್. ಉಳಿದ ನಾಲ್ಕರಲ್ಲಿ ಬಿನ್‌ರೆಪೋಸ್-ಕಾನ್ಫ್‌ನಲ್ಲಿ ಅದರ ವಿಳಾಸ, ಯೂಸ್‌ಪ್ಯಾಕೇಜ್-ಓನ್ಲಿ (ಬೈನರಿ ಮಾತ್ರ) ಹಾಕಿ ಅಪ್‌ಡೇಟ್. ಉಡುಪಿಗೆ ವಾರದ ಕಂತು ಒಂದೂವರೆ ಜಿಬಿ ಆಸುಪಾಸು, ಆರ್‌ಸಿಂಕ್‌ನಲ್ಲಿ ಹೋಗುತ್ತದೆ. ಲೈನ್ ಇಲ್ಲದಿದ್ದರೆ ಪೆನ್‌ಡ್ರೈವ್. ಫೈಲುಗಳ ಜತೆ ಪ್ಯಾಕೇಜಸ್ ಹೆಸರಿನ ಇಂಡೆಕ್ಸ್ ಫೈಲೂ ಹೋಗಬೇಕು; ಅದು ಹಾಳಾದರೆ ಇಮೈಂಟ್ ಬಿನ್‌ಹೋಸ್ಟ್ ಫಿಕ್ಸ್ ಕೊಟ್ಟರೆ ಹೊಸದಾಗಿ ಬರೆಯುತ್ತದೆ. ಮರವನ್ನೂ ಡೆಸ್ಕ್‌ಟಾಪಿನಿಂದಲೇ ಸಿಂಕ್ ಮಾಡಿ. ಒಂದೊಂದು ಯಂತ್ರ ಒಂದೊಂದು ದಿನದ ಮರ ಇಟ್ಟುಕೊಂಡರೆ ಇಬಿಲ್ಡ್ ಆವೃತ್ತಿ ಬೇರೆ, ಡಿಪೆಂಡೆನ್ಸಿ ಬೇರೆ ಎಂದು ಯೂಸ್‌ಪ್ಯಾಕೇಜ್-ಓನ್ಲಿ ಹಾಕದ ದಿನ ಸಿದ್ಧ ಬೈನರಿಯನ್ನು ಬಿಟ್ಟು ಸೋರ್ಸಿಗೆ ಇಳಿಯುತ್ತವೆ. ರೀಬಿಲ್ಡ್ ಹೆಚ್ಚಲು ಇದೊಂದೇ ಸಾಕು.

ಇಲ್ಲಿ ಹಲವರು ಬೀಳುವ ಹೊಂಡ ಮಾರ್ಚ್-ನೇಟಿವ್, ಅಂದರೆ ಕಟ್ಟುವ ಯಂತ್ರದ ಪ್ರೊಸೆಸರಿಗೇ ಹೊಂದಿಸಿ ಕಂಪೈಲ್ ಮಾಡುವ ಆಪ್ಷನ್. ಬೈನರಿ ಆರಿಸುವಾಗ ಪೋರ್ಟೇಜ್ ಯೂಸ್ ಫ್ಲಾಗ್ ನೋಡುತ್ತದೆ, ಸಿ-ಫ್ಲಾಗ್ಸ್ (ಕಂಪೈಲರಿನ ಆಪ್ಷನ್‌ಗಳು) ನೋಡುವುದಿಲ್ಲ. ಹೊಸ ಯಂತ್ರಕ್ಕೆ ಕಟ್ಟಿದ್ದನ್ನು ಹಳೆಯದರಲ್ಲಿ ಸದ್ದಿಲ್ಲದೆ ಹಾಕುತ್ತದೆ, ಓಡಿಸಿದಾಗ ಪ್ರೋಗ್ರಾಮ್ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಸಾಯುತ್ತದೆ. ಎಲ್ಲಕ್ಕೂ ಬುಡವಾದ ಲೈಬ್ರರಿ ಗ್ಲಿಬ್‌ಸಿಗೆ ಹೀಗಾದರೆ ಯಂತ್ರ ಬೂಟೇ ಆಗುವುದಿಲ್ಲ, ಪೆನ್‌ಡ್ರೈವಿನಿಂದ ಎಬ್ಬಿಸಬೇಕು. ಎಲ್ಲಕ್ಕೂ ಎಕ್ಸ್86-64-ವಿ3 ಎಂಬ ಸಮಾನ ಮಟ್ಟ ಇಡಬಹುದು, ಆದರೆ ಅದಕ್ಕೆ ಪ್ರೊಸೆಸರಿನಲ್ಲಿ ಎವಿಎಕ್ಸ್2 ಸೂಚನೆಗಳು ಬೇಕು. ನಾಲ್ಕನೇ ಪೀಳಿಗೆಯ ಐ5ನಲ್ಲಿ ಅದು ಇದೆ. ಅದೇ ಪೀಳಿಗೆಯ ಪೆಂಟಿಯಂ, ಸೆಲೆರಾನ್‌ನಲ್ಲಿ ಇಲ್ಲ. ಅಂಗಡಿಯ ಒಂದು ಡಬ್ಬದಲ್ಲಿ ಪೆಂಟಿಯಂ ಇತ್ತು. ಒಂದು ಡಬ್ಬಕ್ಕಾಗಿ ಐದನ್ನೂ ವಿ2ಗೆ ಇಳಿಸುವ ಬದಲು ಒಂದೂವರೆ-ಎರಡು ಸಾವಿರಕ್ಕೆ ಹಳೆ ಐ5 ಪ್ರೊಸೆಸರ್ ತಂದು ಅದೇ ಬೋರ್ಡಿಗೆ ಕೂರಿಸಿದ್ದು ಅಗ್ಗವಾಯಿತು. ಸಿಪಿಯು-ಫ್ಲಾಗ್ಸ್ ಸಾಲನ್ನೂ ಐದರಲ್ಲೂ ಒಂದೇ ಮಾಡಬೇಕು, ಇಲ್ಲದಿದ್ದರೆ ವಿಡಿಯೊ ಸಲಕರಣೆ ಎಫ್ಎಫ್‌ಎಂಪೆಗ್ ಥರದ್ದು ಬೈನರಿ ಸಿಗಲಿಲ್ಲ ಎಂದು ನಿಲ್ಲುತ್ತದೆ.

2023ರ ಡಿಸೆಂಬರಿನಿಂದ ಜೆಂಟೂವಿನದೇ ಅಧಿಕೃತ ಬೈನರಿ ಇವೆಯಲ್ಲ ಎನ್ನಬಹುದು. ಇವೆ, ಬಳಸುತ್ತೇನೆ ಕೂಡ: ಫ್ಲಾಗ್ ಗೊಡವೆ ಕಡಿಮೆ ಇರುವ ಎಲ್‌ಎಲ್‌ವಿಎಂ, ರಸ್ಟ್, ಸಿಮೇಕ್ ಅಲ್ಲಿಂದಲೇ. ಫ್ಲಾಗ್ ಹೊಂದದ ಬೈನರಿ ಬೇಡ ಎನ್ನುವ ಬಿನ್‌ಪ್ಯಾಕೇಜ್-ರೆಸ್ಪೆಕ್ಟ್-ಯೂಸ್ ಆನ್ ಇಟ್ಟು ನನ್ನ ರೆಪೋಗೆ ಹೆಚ್ಚಿನ ಪ್ರಯಾರಿಟಿ ಕೊಟ್ಟಿದ್ದೇನೆ. ಫ್ಲಾಗ್ ಹೊಂದದವು ಮಾತ್ರ ಮನೆಯಲ್ಲಿ. 2024ರಲ್ಲಿ 23.0 ಪ್ರೊಫೈಲಿಗೆ (ಜೆಂಟೂವಿನ ಮೂಲ ಸೆಟ್ಟಿಂಗ್‌ಗಳ ಕಟ್ಟು) ಹೋಗಲು ಇಡೀ ವರ್ಲ್ಡ್ ಎಂಪ್ಟಿಟ್ರೀ, ಅಂದರೆ ಎಲ್ಲ ಪ್ಯಾಕೇಜನ್ನೂ ಹೊಸದಾಗಿ ಕಟ್ಟುವ ಕೆಲಸ, ಮಾಡಬೇಕಿತ್ತಲ್ಲ, ಆಗ ಈ ವ್ಯವಸ್ಥೆಯಿಂದ ನಾಲ್ಕು ಯಂತ್ರಗಳ ಕಂಪೈಲ್ ಪೂರ್ತಿ ತಪ್ಪಿತು.

ಈಗ ಸಿ-ಕ್ಯಾಶ್. ಆವೃತ್ತಿ ಬದಲಾದಾಗ ಅದರಿಂದ ಲಾಭ ಕಡಿಮೆ. ಕಾನ್ಫಿಗ್ ಹೆಡರಿನಲ್ಲಿ ಆವೃತ್ತಿ ಸಂಖ್ಯೆ ಇರುತ್ತದೆ, ಹೆಚ್ಚಿನ ಫೈಲು ಅದನ್ನು ಸೇರಿಸಿಕೊಳ್ಳುತ್ತವೆ, ಹಾಗಾಗಿ ಹೆಚ್ಚಿನವು ಮಿಸ್, ಅಂದರೆ ಕ್ಯಾಶಿನಲ್ಲಿ ಸಿಗುವುದಿಲ್ಲ. ಆದರೆ ಅದೇ ಆವೃತ್ತಿ ಸಬ್‌ಸ್ಲಾಟ್‌ಗಾಗಿ ಮತ್ತೆ ಕಟ್ಟುವಾಗ ಅದು ಚಿನ್ನ: ಐಸಿಯು ಹೆಡರ್ ಮುಟ್ಟದ ಫೈಲೆಲ್ಲ ಕ್ಯಾಶಿನಿಂದ ಬರುತ್ತವೆ. ಡಿಫಾಲ್ಟ್ 5 ಜಿಬಿ ಸಾಲದು. ಕ್ಯೂಟಿ ವೆಬ್‌ಎಂಜಿನ್ ಒಂದು ಸಲ ಓಡಿದರೆ ಉಳಿದವರ ಸರಕನ್ನೆಲ್ಲ ಹೊರಗೆ ಎಸೆಯುತ್ತದೆ. ಪ್ಯಾಕೇಜ್-ಎನ್ವ್ (ಒಂದೊಂದು ಪ್ಯಾಕೇಜಿಗೆ ಬೇರೆ ಸೆಟ್ಟಿಂಗ್ ಕೊಡುವ ಫೈಲು) ಮೂಲಕ ದೊಡ್ಡ ಪ್ಯಾಕೇಜಿಗೆ ಬೇರೆ ಬೇರೆ ಕ್ಯಾಶ್ ಡೈರೆಕ್ಟರಿ ಕೊಡಿ. ಯಾವುದಕ್ಕೆ ಎಷ್ಟು ಎಂಬ ನನ್ನ ಪಟ್ಟಿ ತಿಂಗಳುಗಟ್ಟಲೆ ಅಳೆದು ಮಾಡಿದ್ದು, ಅದನ್ನು ಇಲ್ಲಿ ಕೊಡುವುದಿಲ್ಲ. ಸಿ-ಕ್ಯಾಶಿನ ಬೇಸ್-ಡಿರ್ ಸೆಟ್ಟಿಂಗನ್ನು ಪೋರ್ಟೇಜಿನ ಟೆಂಪ್ ಡೈರೆಕ್ಟರಿಗೆ ಇಡಿ, ಪಾತ್‌ನಲ್ಲಿನ ಆವೃತ್ತಿ ಸಂಖ್ಯೆಯಿಂದಾಗುವ ಮಿಸ್ ಕಡಿಮೆಯಾಗುತ್ತದೆ. ಕಂಪೈಲರ್-ಚೆಕ್ ಡಿಫಾಲ್ಟ್‌ನಲ್ಲಿ ಕಂಪೈಲರ್ ಆದ ಜಿಸಿಸಿ ಫೈಲಿನ ಗಾತ್ರ, ಸಮಯ ನೋಡುತ್ತದೆ. ಜಿಸಿಸಿಯನ್ನು ಅದೇ ಆವೃತ್ತಿಯಲ್ಲಿ ಮತ್ತೆ ಕಟ್ಟಿದರೂ ಕ್ಯಾಶ್ ಪೂರ್ತಿ ದಂಡ. ಅದರ ಬದಲು ಕಂಪೈಲರ್‌ಗೆ ಸಣ್ಣ ವಿ ಆಪ್ಷನ್ ಕೊಟ್ಟು ಬರುವ ಉತ್ತರವನ್ನು ಹೋಲಿಸಲು ಹೇಳಿ. ಜೆಂಟೂವಿನ ಪ್ಯಾಚ್ ಮಟ್ಟವೂ ಅದರಲ್ಲಿ ಇರುತ್ತದೆ.

ಜಂಬೋ-ಬಿಲ್ಡ್ ಫ್ಲಾಗ್ ಬಗ್ಗೆ ಒಂದು ಅಡ್ಡ ಪ್ರಯೋಗ ಮಾಡಿ ನೋಡಿದೆ. ಹಲವು ಫೈಲು ಒಟ್ಟುಮಾಡಿ ಕಟ್ಟುವುದರಿಂದ ಮೊದಲ ಬಿಲ್ಡ್ ಬೇಗ, ಆದರೆ ಒಂದು ಫೈಲ್ ಬದಲಾದರೂ ಆ ಗುಂಪೇ ಮಿಸ್, ಮೇಲಾಗಿ ಒಂದೊಂದು ಜಾಬಿಗೆ ರ‍್ಯಾಮ್ ಹೆಚ್ಚು. 32 ಜಿಬಿ ಇದ್ದರೂ ಹದಿನಾರು ಜಾಬ್ ಬಿಟ್ಟರೆ ಸ್ವಾಪಿಗೆ ಇಳಿಯುತ್ತದೆ. ಈಗ ವೆಬ್‌ಕಿಟ್‌ಗೆ ಆಫ್, ವೆಬ್‌ಎಂಜಿನ್‌ಗೆ ಆನ್. ಕಂಪೈಲನ್ನು ಹಲವು ಯಂತ್ರಗಳಿಗೆ ಹಂಚುವ ಡಿಸ್ಟ್‌ಸಿಸಿಯೂ ನೋಡಿಯಾಯಿತು. ವೈಫೈ ಮೇಲೆ ಅದು ದಂಡ, ಹಳೆ ಯಂತ್ರಗಳನ್ನು ಹಚ್ಚಿಟ್ಟ ಕರೆಂಟ್ ಮತ್ತೂ ದಂಡ. ಗಿಕ್ಸ್ ಎಂಬ ಇನ್ನೊಂದು ಲಿನಕ್ಸಿನ ಗ್ರಾಫ್ಟ್ ಬಹಳ ಚಂದ: ಭದ್ರತಾ ತಿದ್ದುಪಡಿ ಬಂದ ಲೈಬ್ರರಿಯ ವಿಳಾಸವನ್ನು ಅವಲಂಬಿತರ ಫೈಲಿನಲ್ಲಿ ಬದಲಿಸುತ್ತದೆ, ರೀಬಿಲ್ಡ್ ಇಲ್ಲ. ಆದರೆ ಗ್ರಾಫ್ಟ್ ಇಲ್ಲದಾಗ ಬುಡದ ಪ್ಯಾಕೇಜಿನಲ್ಲಿ ಒಂದು ಅಕ್ಷರ ಬದಲಾದರೂ ಮೇಲಿನದೆಲ್ಲ ಹೊಸ ಹ್ಯಾಶ್. ಅವರ ಸರ್ವರಿನ ಬೈನರಿ ಇಲ್ಲದೆ ಮನೆಯಲ್ಲಿ ಅದು ಕನಸೇ.

ಕರೆಂಟ್ ಹೋದಾಗಿನ ವಿಷಯ ಬರೆಯದೆ ಮುಗಿಸಿದರೆ ನಮ್ಮೂರಿನವರಿಗೆ ಉಪಯೋಗವಿಲ್ಲ. ಟೆಂಪ್ ಡೈರೆಕ್ಟರಿ ಟಿಎಂಪಿಎಫ್‌ಎಸ್‌ನಲ್ಲಿ, ಅಂದರೆ ರ‍್ಯಾಮಿನಲ್ಲಿ, ಇದ್ದರೆ ಐದು ಗಂಟೆಯ ಕೆಲಸ ಕ್ಷಣದಲ್ಲಿ ಮಾಯ. ಸಣ್ಣವು ರ‍್ಯಾಮಿನಲ್ಲಿರಲಿ, ಅರ್ಧ ಗಂಟೆ ಮೀರುವುದನ್ನು ಪ್ಯಾಕೇಜ್-ಎನ್ವ್‌ನಲ್ಲಿ ಎಸ್‌ಎಸ್‌ಡಿಗೆ ಕಳಿಸಿ. ಯಾವುದಕ್ಕೆ ಎಷ್ಟು ಹೊತ್ತು ಎಂದು ಕ್ಯೂಲಾಪ್ ಕಮಾಂಡ್ ಹೇಳುತ್ತದೆ. ಕರೆಂಟ್ ಬಂದ ಕೂಡಲೇ ಎಮರ್ಜ್ ರೆಸ್ಯೂಮ್ ಕೊಡಬೇಡಿ. ಅದು ಮೊದಲು ಗುಡಿಸಿ ಆಮೇಲೆ ಸೊನ್ನೆಯಿಂದ ಶುರುಮಾಡುತ್ತದೆ. ವರ್ಕ್ ಡೈರೆಕ್ಟರಿಗೆ ಹೋಗಿ ಸೊನ್ನೆ ಗಾತ್ರದ ಆಬ್ಜೆಕ್ಟ್ ಫೈಲುಗಳನ್ನು ಫೈಂಡ್‌ನಿಂದ ಹುಡುಕಿ ಅಳಿಸಿ. ಬರೆದದ್ದು ಡಿಸ್ಕಿಗೆ ಪೂರ್ತಿ ಇಳಿಯುವ ಮೊದಲೇ ಕರೆಂಟ್ ಹೋದವು ಅವು. ಸಮಯ ಹೊಸದಿರುವುದರಿಂದ ಬಿಲ್ಡ್ ನಡೆಸುವ ನಿಂಜಾ ಅವನ್ನು ಮುಗಿದವು ಎಂದು ನಂಬಿ ಲಿಂಕ್ ಹಂತದಲ್ಲಿ ಕೈಕೊಡಬಹುದು. ನಂತರ ಇಬಿಲ್ಡ್ ಕಮಾಂಡಿನಿಂದ ನೇರ ಕಂಪೈಲ್, ಇನ್‌ಸ್ಟಾಲ್, ಪ್ಯಾಕೇಜ್ ಹಂತಗಳನ್ನು ಓಡಿಸಿ. ಕಾನ್ಫಿಗರ್ ಮುಗಿದಿದ್ದರೆ ಅದನ್ನು ಬಿಟ್ಟು, ನಿಂತಲ್ಲಿಂದ ಮುಂದಕ್ಕೆ ಹೋಗುತ್ತದೆ. ಬೈನರಿ ತಯಾರಾದ ಮೇಲೆ ಎಮರ್ಜ್‌ಗೆ ಸಣ್ಣ ಕೆ ಕೊಟ್ಟು ಹಾಕಿ. ವರ್ಕ್ ಡೈರೆಕ್ಟರಿ ಗುಡಿಸದಿರುವ ಕೀಪ್‌ವರ್ಕ್ ಫೀಚರ್ ಶಾಶ್ವತವಾಗಿ ಇಟ್ಟರೆ ಹಳೆ ಕಸ ಹೊಸ ಬಿಲ್ಡಿಗೆ ಸೇರುತ್ತದೆ, ಅದು ಬೇಡ. ಇನ್ವರ್ಟರಿಗೆ ಬಿದ್ದಾಗ ದೊಡ್ಡ ಬಿಲ್ಡ್ ಶುರುವಾಗದಂತೆ ಪೋರ್ಟೇಜಿನ ಬ್ಯಾಶ್-ಆರ್‌ಸಿಯಲ್ಲಿ ಒಂದು ಹುಕ್ ಇಟ್ಟಿದ್ದೇನೆ. ಅದನ್ನು ಬರೆಯುವುದು ನಿಮಗೆ ಬಿಟ್ಟದ್ದು.

ಸದ್ಯಕ್ಕೆ ಉಳಿದಿರುವ ದೊಡ್ಡ ಪೋಲು ವೆಬ್‌ಕಿಟ್. ಒಂದೇ ಆವೃತ್ತಿಯನ್ನು 4.1 ಸ್ಲಾಟಿಗೊಮ್ಮೆ, 6 ಸ್ಲಾಟಿಗೊಮ್ಮೆ ಕಟ್ಟುತ್ತದೆ (ಸ್ಲಾಟ್ ಎಂದರೆ ಒಂದೇ ಪ್ಯಾಕೇಜಿನ, ಒಟ್ಟಿಗೆ ಇರಬಲ್ಲ ಬೇರೆ ಬೇರೆ ರೂಪ). ಈಕ್ವೆರಿ ಡಿಪೆಂಡ್ಸ್ ಕೊಟ್ಟು ಯಾವ ಪ್ರೋಗ್ರಾಮ್ ಯಾವ ಸ್ಲಾಟನ್ನು ಹಿಡಿದುಕೊಂಡಿದೆ ನೋಡಿ. ನನ್ನಲ್ಲಿ ಹಳೆಯದನ್ನು ಹಿಡಿದಿರುವುದು ಒಂದೇ ಮೇಲ್ ಪ್ರೋಗ್ರಾಮ್. ಅದಕ್ಕೆ ಬದಲಿ ಸಿಕ್ಕಿದರೆ ಇನ್ನೂ ಒಂದೂವರೆ ಗಂಟೆ ಉಳಿಯುತ್ತದೆ.