ಡಿಲೀಟ್ ಕೀ ಒತ್ತುವಷ್ಟರಲ್ಲಿ ವಿಂಡೋಸ್ ಬಂದಿರುತ್ತಿತ್ತು

ಕಳೆದ ಮಳೆಗಾಲಕ್ಕೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್ ಪೂರ್ತಿ ಕೈಕೊಟ್ಟಿತು. ಮಗಳಿಗೆ ಅನಿಮೇಷನ್ ಕಲಿಯುವ ಆಸೆ. ಹೊಸದನ್ನು ನಾವೇ ಜೋಡಿಸೋಣ ಅಂತ ಒಂದು ಶನಿವಾರ ಅಪ್ಪ ಮಗಳು ಹೊರಟೆವು. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿದರೆ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ನಡೆದೇ ಹೋಗಬಹುದು. ರಸ್ತೆಗೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಅಂತ ಹೆಸರಿಟ್ಟು ಎಷ್ಟೋ ಕಾಲವಾಯಿತು. ಆದರೂ ಅಂಗಡಿಯವರಿಗೂ ಗಿರಾಕಿಗಳಿಗೂ ಅದು ಲ್ಯಾಮಿಂಗ್ಟನ್ ರೋಡೇ.

ರೈಜನ್ 5 5600ಜಿ ಪ್ರೊಸೆಸರ್, ಅದಕ್ಕೊಂದು ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್ ಕಡ್ಡಿ, 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್. ಭಾನುವಾರ ಮಧ್ಯಾಹ್ನದೊಳಗೆ ಎಲ್ಲ ಜೋಡಿಸಿ ವಿಂಡೋಸ್ 11 ಹಾಕಿಯಾಯಿತು. ಆ ಖುಷಿಯಲ್ಲಿ ಬಯೋಸ್ ಒಳಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ಸ್ ಒಳಗೆ ಹೋಗಿ ಫಾಸ್ಟ್ ಬೂಟ್ ಅನ್ನುವುದನ್ನು ಅಲ್ಟ್ರಾ ಫಾಸ್ಟ್‌ಗೆ ಇಟ್ಟುಬಿಟ್ಟೆ. ಹಳೇ ಕಂಪ್ಯೂಟರ್ ಶುರುವಾಗುವಷ್ಟರಲ್ಲಿ ಚಹಾ ಕುಡಿದು ಮುಗಿಯುತ್ತಿತ್ತು. ಇದು ಬಟನ್ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪಾಸ್‌ವರ್ಡ್ ಕೇಳುತ್ತಿತ್ತು.

ಎರಡು ವಾರ ಕಳೆದ ಮೇಲೆ ಸುಮ್ನೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಮೆಮೊರಿಯ ಸ್ಪೀಡ್ 2400 ಅಂತಿತ್ತು. ನಾನು ದುಡ್ಡು ಕೊಟ್ಟಿದ್ದು 3200ರ ರ‍್ಯಾಮ್‌ಗೆ. ಇದು ಅಂಗಡಿಯವರ ಮೋಸ ಏನಲ್ಲ. ಡಿಡಿಆರ್4 ರ‍್ಯಾಮ್ ಮೊದಲು ಓಡುವುದು ಎಲ್ಲ ಬೋರ್ಡಿಗೂ ಒಗ್ಗುವ ನಿಧಾನದ ವೇಗದಲ್ಲಿ. ಪ್ಯಾಕೆಟ್ ಮೇಲೆ ಬರೆದ ವೇಗ ಬೇಕಾದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಬೇಕು. ನಮಗಂತೂ ಅದು ಮುಖ್ಯವಾಗಿತ್ತು. 5600ಜಿ ಒಳಗೇ ಗ್ರಾಫಿಕ್ಸ್ ಇದೆ, ಅದಕ್ಕೆ ಬೇರೆ ಮೆಮೊರಿ ಇಲ್ಲ, ಇದೇ ರ‍್ಯಾಮ್ ಹಂಚಿಕೊಳ್ಳುತ್ತದೆ. ರ‍್ಯಾಮ್ ನಿಧಾನವಾದರೆ ಮಗಳ ಅನಿಮೇಷನ್ನೂ ನಿಧಾನ.

ಸರಿ, ರೀಸ್ಟಾರ್ಟ್ ಮಾಡಿ ಬಯೋಸ್ ತೆರೆಯಲು ಡಿಲೀಟ್ ಕೀ ಒತ್ತಿದೆ. ವಿಂಡೋಸ್ ಬಂತು. ಮತ್ತೆ ಮಾಡಿದೆ, ಈ ಸಲ ಮೊದಲಿಂದಲೇ ಟಪಟಪ ಬಡಿಯುತ್ತಾ ಕೂತೆ. ಮತ್ತೆ ವಿಂಡೋಸ್. ಎಫ್2 ಒತ್ತಿದೆ. ಒತ್ತಿ ಹಿಡಿದೂ ನೋಡಿದೆ. ಮಾನಿಟರ್ ಬೇರೆ ಸಿಗ್ನಲ್ ಹಿಡಿದು ಕಣ್ಣು ಬಿಡುವುದಕ್ಕೆ ನಾಲ್ಕೈದು ಸೆಕೆಂಡ್ ತಗೊಳ್ಳುತ್ತದೆ. ಅಷ್ಟರಲ್ಲಿ ಬೋರ್ಡಿನ ಲೋಗೋ ಬಂದು ಹೋಗಿರುತ್ತಿತ್ತು. ವೈರ್‌ಲೆಸ್ ಕೀಬೋರ್ಡಿನ ತಪ್ಪಿರಬೇಕು ಅಂತ ಹಳೇ ವೈರಿನ ಕೀಬೋರ್ಡ್ ಹುಡುಕಿ ತೆಗೆದು, ಹಿಂದಿನ ಯುಎಸ್‌ಬಿ 2.0 ಪೋರ್ಟಿಗೇ ಚುಚ್ಚಿದೆ. ಆಗಲೂ ಆಗಲಿಲ್ಲ.

ಆದರೆ ಆ ಹಳೇ ಕೀಬೋರ್ಡಿನಿಂದಲೇ ವಿಷಯ ಗೊತ್ತಾಯಿತು. ಅದರಲ್ಲಿ ಕ್ಯಾಪ್ಸ್ ಲಾಕ್‌ಗೆ ಒಂದು ಪುಟ್ಟ ಹಸಿರು ದೀಪ ಇದೆ. ಕಂಪ್ಯೂಟರ್ ಆನ್ ಮಾಡಿ ಕ್ಯಾಪ್ಸ್ ಲಾಕ್ ಒತ್ತುತ್ತಲೇ ಹೋದೆ. ದೀಪ ಹತ್ತಲೇ ಇಲ್ಲ. ತೆರೆಯ ಮೇಲೆ ವಿಂಡೋಸ್‌ನ ಚುಕ್ಕಿಗಳು ಸುತ್ತಲು ಶುರುವಾದವು, ಆಗಲೂ ಇಲ್ಲ. ಪಾಸ್‌ವರ್ಡ್ ಕೇಳುವ ಪರದೆ ಬಂದ ಮೇಲೆ ಮೊದಲ ಸಲ ಹತ್ತಿತು. ಅಂದರೆ ನಾನು ಡಿಲೀಟ್ ಒತ್ತುತ್ತಿದ್ದ ಹೊತ್ತಿನಲ್ಲಿ ಬೋರ್ಡಿನ ಲೆಕ್ಕದಲ್ಲಿ ಕೀಬೋರ್ಡೇ ಇರಲಿಲ್ಲ. ಅಲ್ಟ್ರಾ ಫಾಸ್ಟ್ ಸಮಯ ಉಳಿಸುವುದೇ ಹೀಗೆ. ಯುಎಸ್‌ಬಿ ಸಾಮಾನುಗಳನ್ನು ಎಬ್ಬಿಸುವ ಕೆಲಸವನ್ನು ತಾನು ಮಾಡದೆ ವಿಂಡೋಸ್‌ಗೆ ಬಿಟ್ಟುಬಿಡುತ್ತದೆ. ಕೈ ಎಷ್ಟು ಚುರುಕಾಗಿದ್ದರೂ ಪ್ರಯೋಜನ ಇಲ್ಲ. ನಿಮಗೂ ಹೀಗೇ ಆಗುತ್ತಿದ್ದರೆ ಮೊದಲು ಈ ದೀಪದ ಪರೀಕ್ಷೆ ಮಾಡಿ. ಶುರುವಿನಲ್ಲೇ ದೀಪ ಹತ್ತಿದರೆ ಕೀಬೋರ್ಡ್ ಎಚ್ಚರ ಇದೆ, ಮಾನಿಟರ್ ನೋಡದೆ ಬೇಗ ಬೇಗ ಒತ್ತಿದರೆ ಸಿಗುತ್ತದೆ. ಹತ್ತದಿದ್ದರೆ ಒತ್ತುವುದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕು.

ಇಲ್ಲಿ ತುಂಬಾ ಜನ ಎರಡು ಹೆಸರು ಕಲಸಿಕೊಳ್ಳುತ್ತಾರೆ. ಫಾಸ್ಟ್ ಬೂಟ್ ಮದರ್‌ಬೋರ್ಡಿನದು. ಫಾಸ್ಟ್ ಸ್ಟಾರ್ಟಪ್ ವಿಂಡೋಸ್‌ನದು, ವಿಂಡೋಸ್ 8ರ ಕಾಲದಿಂದ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಪೂರ್ತಿ ಮುಚ್ಚಿ ಹೊಸದಾಗಿ ಏಳುತ್ತದೆ. ಹಾಗಾಗಿ ಕೀ ಒತ್ತಿ ನೋಡುವವರು ರೀಸ್ಟಾರ್ಟ್ ಮಾಡಿಯೇ ನೋಡಬೇಕು.

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಸೋದರಳಿಯನಿಗೆ ಫೋನ್ ಹಚ್ಚಿದೆ. ನಮ್ಮದು ಧಾರವಾಡದ ಕಡೆ. ಅವನು ಮೂರು ಮಾತಿನಲ್ಲಿ ಮುಗಿಸಿದ.

“ಮಾಮಾ, ಕೀ ಬಡಿಯೋದು ಬಿಡ್ರಿ. ವಿಂಡೋಸ್‌ಗೇ ಹೇಳ್ರಿ. ಅದ ನಿಮ್ಮನ್ನ ಒಳಗ ಕಳಸ್ತದ.”

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋದರೆ ಅಡ್ವಾನ್ಸ್ಡ್ ಸ್ಟಾರ್ಟಪ್ ಎದುರು ರೀಸ್ಟಾರ್ಟ್ ನೌ ಅಂತ ಇದೆ. ಅದನ್ನು ಒತ್ತಿದರೆ ನೀಲಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್ಡ್ ಆಪ್ಶನ್ಸ್, ಅದರೊಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಈಗಿನ ಬೋರ್ಡುಗಳಲ್ಲಿ ಇರುವುದು ಯುಇಎಫ್‌ಐ. ಲ್ಯಾಮಿಂಗ್ಟನ್ ರೋಡಿನ ಹಾಗೇ ಇದಕ್ಕೂ ಬಯೋಸ್ ಅನ್ನುವ ಹಳೇ ಹೆಸರೇ ನಿಂತಿದೆ. ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿದರೂ ಅದೇ ನೀಲಿ ಪರದೆ ಸಿಗುತ್ತದೆ. ಪಾಸ್‌ವರ್ಡ್ ಪರದೆಯಿಂದಲೂ ಇದನ್ನು ಮಾಡಬಹುದು.

ಇನ್ನೂ ನೇರ ದಾರಿ ಒಂದು ಕಮಾಂಡ್. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು “ಶಟ್‌ಡೌನ್ /ಆರ್ /ಎಫ್‌ಡಬ್ಲ್ಯೂ /ಟಿ 0” ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಪ್ರತಿ ಓರೆಗೆರೆಯ ಮುಂಚೆ ಒಂದು ಸ್ಪೇಸ್. ನನಗೆ ಮೊದಲ ಸಲ 203 ಅನ್ನುವ ಎರರ್ ಬಂತು. ಅದೇ ಸಾಲನ್ನು ಮತ್ತೆ ಕೊಟ್ಟೆ, ಕಂಪ್ಯೂಟರ್ ಮುಚ್ಚಿ ಎದ್ದು ಸೀದಾ ಬಯೋಸ್ ಪರದೆಗೇ ಬಂದು ನಿಂತಿತು. ಈಗ ಕೀಬೋರ್ಡೂ ಮೌಸೂ ಎರಡೂ ನಡೆಯುತ್ತಿದ್ದವು!

ಇದು ಹೇಗೆ ಅಂತ ಅಳಿಯನನ್ನು ಕೇಳಿದೆ. ಅವನು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ನಮ್ಮ ಬಿಲ್ಡಿಂಗಿನಲ್ಲಿ ಹಾಲಿನ ಚೀಲ ಬಾಗಿಲಿಗೆ ನೇತು ಹಾಕಿ, “ನಾಳೆ ಎರಡು ಲೀಟರ್” ಅಂತ ಚೀಟಿ ಇಡುತ್ತೇವಲ್ಲ, ಹಾಗೇ ಇದು. ಹಾಲಿನವನ ಜೊತೆ ಮಾತಾಡಲು ಬೆಳಗಿನ ಜಾವ ಎದ್ದು ಕಾಯಬೇಕಿಲ್ಲ. ಮದರ್‌ಬೋರ್ಡಿನಲ್ಲಿ ಕರೆಂಟ್ ಹೋದರೂ ಅಳಿಯದ ಒಂದು ಸಣ್ಣ ಜಾಗ ಇದೆ. ಮುಂದಿನ ಸಲ ಸೆಟ್ಟಿಂಗ್ಸ್‌ಗೆ ಹೋಗು ಅಂತ ವಿಂಡೋಸ್ ಅಲ್ಲಿ ಒಂದು ಗುರುತು ಬರೆದು ಹೋಗುತ್ತದೆ. ಬೋರ್ಡ್ ಏಳುವಾಗ ಅದನ್ನು ಓದಿ, ಅವಸರ ಬಿಟ್ಟು, ಯುಎಸ್‌ಬಿಯನ್ನೂ ಎಬ್ಬಿಸಿ ಕೂರುತ್ತದೆ. ಲಿನಕ್ಸ್ ಬಳಸುವವರಿಗೂ ಇದೇ ಗುರುತು, “ಸಿಸ್ಟಮ್‌ಸಿಟಿಎಲ್ ರೀಬೂಟ್ --ಫರ್ಮ್‌ವೇರ್-ಸೆಟಪ್” ಅನ್ನುವ ಕಮಾಂಡಿನಿಂದ. ವಿಂಡೋಸನ್ನು ಹಳೇ ಲೆಗಸಿ ವಿಧಾನದಲ್ಲಿ ಹಾಕಿದ್ದರೆ ಮಾತ್ರ ಈ ಆಯ್ಕೆ ಕಾಣುವುದಿಲ್ಲ. ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ ಎದುರು ಯುಇಎಫ್‌ಐ ಅಂತ ಇದೆಯೋ ಲೆಗಸಿ ಅಂತ ಇದೆಯೋ ನೋಡಿಕೊಳ್ಳಿ.

ಒಳಗೆ ಹೋದವನು ಒಂದೇ ಏಟಿಗೆ ಅಲ್ಟ್ರಾ ಫಾಸ್ಟ್ ತೆಗೆದು ಎಕ್ಸ್‌ಎಂಪಿಯನ್ನೂ ಆನ್ ಮಾಡಿ ಸೇವ್ ಮಾಡಿದೆ. ಮಾನಿಟರ್ ಕಪ್ಪಗಾಯಿತು, ಕಪ್ಪಗೇ ಉಳಿಯಿತು. ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಅಂತ ಬರೆದಿರುವ ಕಡೆ ದೀಪ ಹತ್ತಿಕೊಂಡಿತ್ತು, ಅಂದರೆ ತಕರಾರು ರ‍್ಯಾಮಿನದು. ಹೊಸ ವೇಗಕ್ಕೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗಬಹುದು ಅಂತ ಐದು ನಿಮಿಷ ಕಾದೆ. ಏನೂ ಆಗಲಿಲ್ಲ. ಈಗ ವಿಂಡೋಸ್ ದಾರಿಯೂ ಇಲ್ಲ, ಕೀಬೋರ್ಡ್ ದಾರಿಯೂ ಇಲ್ಲ.

ಪುಣ್ಯಕ್ಕೆ ಅಳಿಯ ಮೊದಲೇ ಒಂದು ಮಾತು ಹೇಳಿದ್ದ: “ಒಳಗ ಹೋಗೂಕಿಂತ ಮೊದಲ ಬಿಟ್‌ಲಾಕರ್ ರಿಕವರಿ ಕೀ ಬರಕೊಂಡ ಇಟ್ಕೊರಿ.” ವಿಂಡೋಸ್ 11 ಡಿಸ್ಕಿಗೆ ಬೀಗ ಹಾಕಿಕೊಂಡಿದ್ದರೆ, ಬೋರ್ಡಿನ ಸೆಟ್ಟಿಂಗ್ ಬದಲಾದಾಗ ಈ ಕೀ ಕೇಳಬಹುದು. 48 ಅಂಕಿ. ಆರಾರು ಅಂಕಿಯ ಎಂಟು ಗುಂಪು. ಅವನು ಹೇಳಿದಾಗಲೇ ನಾನು ಓದಿದ್ದೆ, ಮಗಳು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿದ್ದಳು, ಆಮೇಲೆ ಅವಳು ಓದಿ ನಾನು ತಾಳೆ ನೋಡಿದ್ದೆ.

ಮುಂದಿನ ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಹಳಿ ದುರಸ್ತಿಗೆ ರೈಲು ನಿಲ್ಲಿಸಿದ್ದರು, ಎಲ್ಲೂ ಹೋಗುವಂತಿರಲಿಲ್ಲ. ಕ್ಯಾಬಿನೆಟ್ ಮಲಗಿಸಿದೆವು. ಗೋಡೆಯ ಸ್ವಿಚ್ ಆರಿಸಿ, ಎಸ್‌ಎಂಪಿಎಸ್‌ನ ಕೇಬಲ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದೆ, ಒಳಗೆ ಉಳಿದ ಕರೆಂಟ್ ಇಳಿಯಲಿ ಅಂತ. ಬೋರ್ಡಿನ ಜೊತೆ ಬಂದ ಪುಸ್ತಕ ನೋಡಿ, ಬಯೋಸ್ ಸೆಟ್ಟಿಂಗುಗಳನ್ನೆಲ್ಲ ಅಳಿಸಿ ಮೊದಲಿನಂತೆ ಮಾಡುವ ಕ್ಲಿಯರ್ ಸಿಮಾಸ್ ಪಿನ್ ಹುಡುಕಿದೆ. ಕೆಳಗಿನ ಅಂಚಿನಲ್ಲಿ, ಪವರ್ ಬಟನ್ನಿನ ವೈರುಗಳ ಪಕ್ಕದಲ್ಲೇ, ಅಕ್ಕಿ ಕಾಳಿನಷ್ಟು ಎತ್ತರದ ಎರಡು ಕಡ್ಡಿ. ಸುತ್ತ ಅಂಥವೇ ಇನ್ನೆಷ್ಟೋ ಪಿನ್ ಇವೆ, ತಪ್ಪು ಜಾಗಕ್ಕೆ ಮುಟ್ಟಿಸಬಾರದು. ಮಗಳು ಮೊಬೈಲ್ ಟಾರ್ಚ್ ಹಿಡಿದಳು. ಸ್ಕ್ರೂಡ್ರೈವರ್ ತುದಿಯನ್ನು ಎರಡೂ ಪಿನ್ನಿಗೆ ಒಟ್ಟಿಗೆ ತಾಗಿಸಿ ಹತ್ತರವರೆಗೆ ಎಣಿಸಿದೆ. ಪಿನ್ ಇಲ್ಲದ ಬೋರ್ಡಾದರೆ ಸಿಆರ್2032 ಬಟನ್ ಸೆಲ್ ತೆಗೆದು ಕೆಲವು ನಿಮಿಷ ಬಿಡಬೇಕು.

ಹೇಗಿದ್ದರೂ ತೆರೆದಿದೆಯಲ್ಲ ಅಂತ ರ‍್ಯಾಮ್ ಕಡೆ ನೋಡಿದೆ. ತಪ್ಪು ಅಲ್ಲೇ ಇತ್ತು. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡು ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ ಅಂತ ಪುಸ್ತಕದಲ್ಲಿದೆ. ನಾನು ಒಂದು ಮತ್ತು ಮೂರಕ್ಕೆ ಹಾಕಿದ್ದೆ. ಕಡಿಮೆ ವೇಗದಲ್ಲಿ ಅದು ನಡೆದುಹೋಗಿತ್ತು. ಎರಡನ್ನೂ ತೆಗೆದು ಸರಿಯಾದ ಸ್ಲಾಟಿನಲ್ಲಿ ಟಕ್ ಅನ್ನುವವರೆಗೆ ಒತ್ತಿದೆ.

ಆನ್ ಮಾಡಿದೆ. ಲೋಗೋ ಬಂತು, ನಿಂತಿತು, ಡಿಲೀಟ್ ಒತ್ತಿದ ಕೂಡಲೇ ಒಳಗೆ ಬಿಟ್ಟಿತು. ಈ ಸಲ ಒಂದೊಂದೇ ಬದಲಾವಣೆ. ಮೊದಲು ಫಾಸ್ಟ್ ಬೂಟ್ ಆಫ್, ಸೇವ್, ರೀಸ್ಟಾರ್ಟ್. ವಿಂಡೋಸ್ 48 ಅಂಕಿಯ ಕೀ ಕೇಳಿಯೇ ಬಿಟ್ಟಿತು, ನೋಟ್‌ಬುಕ್ ಕೆಲಸಕ್ಕೆ ಬಂತು. ಆಮೇಲೆ ಪೋಸ್ಟ್ ಡಿಲೇ ಅನ್ನುವುದನ್ನು 5 ಸೆಕೆಂಡಿಗೆ ಇಟ್ಟೆ, ಮಾನಿಟರ್ ಕಣ್ಣು ಬಿಡುವವರೆಗೆ ಲೋಗೋ ಕಾಯಲಿ ಅಂತ. ಕೊನೆಗೆ ಎಕ್ಸ್‌ಎಂಪಿ. ಈ ಸಲ ಕಪ್ಪಗಾಗಲಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ 3200 ಕಂಡಾಗ ಮಗಳು ನನಗಿಂತ ಜೋರಾಗಿ ಕೂಗಿದಳು.

ಅದೇ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಲಾಸ್ಟ್ ಬಯೋಸ್ ಟೈಮ್ ಅಂತ ಒಂದು ಲೆಕ್ಕ ಇದೆ. ಅಲ್ಟ್ರಾ ಫಾಸ್ಟ್ ಇದ್ದಾಗ ನಮ್ಮದು ಸುಮಾರು 7 ಸೆಕೆಂಡ್ ತೋರಿಸುತ್ತಿತ್ತು. ಈಗ 15ರ ಆಸುಪಾಸು. ದಿನಕ್ಕೊಮ್ಮೆ ಆನ್ ಮಾಡುವ ಮನೆ ಕಂಪ್ಯೂಟರಿಗೆ ಎಂಟು ಸೆಕೆಂಡಿನ ಆಸೆಗೆ ಅಲ್ಟ್ರಾ ಫಾಸ್ಟ್ ಬೇಡವೇ ಬೇಡ ಅನ್ನುತ್ತೇನೆ.

ಕ್ಯಾಬಿನೆಟ್ ಮುಚ್ಚುವ ಮುಂಚೆ ಮಗಳು ಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿಸಿದಳು. ಕ್ಲಿಯರ್ ಸಿಮಾಸ್ ಪಿನ್ ಎಲ್ಲಿದೆ ಅಂತ ಚಿತ್ರ, ರ‍್ಯಾಮ್ ಸ್ಲಾಟ್ 2 ಮತ್ತು 4, ಅದರ ಕೆಳಗೆ ಆ ಕಮಾಂಡ್. 48 ಅಂಕಿ ಮಾತ್ರ ಅಲ್ಲಿಲ್ಲ, ಅದು ಕಪಾಟಿನಲ್ಲಿದೆ.